ಗಾಡಿ ಬಾಗಿಲಿಗೆ ಬಂತು, ಇಳಿಸೋರು ಯಾರು? ಮೂರು ಟನ್ ಕಲ್ಲಿನ ಬೆಂಚುಗಳ ಒಂದು ಪ್ರಕರಣ

ಕುಷ್ಟಗಿ ಕಡೆಯ ಕಲ್ಲಿನ ಫ್ಯಾಕ್ಟರಿಯವರು ಕೊಟ್ಟ ಕೊಟೇಶನ್‌ನ ಕೊನೆಯ ಸಾಲು: "ಗಾಡಿ ಬಾಡಿಗೆ ಸಹಿತ." ಗಂಗಾವತಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಬೆಂಚು ಕೊಡಿಸುವುದು ಅಂತ ತೀರ್ಮಾನ ಆಗಿತ್ತು. ಎಂಟು ಬೆಂಚು, ಒಂದು ದುಂಡು ಮೇಜು, ಎಲ್ಲ ಗ್ರಾನೈಟ್. ರೇಟು ಚೆನ್ನಾಗಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಆಮೇಲೆ ಒಬ್ಬರು ಫೋನ್ ಮಾಡಿ ಕೇಳಿದರು: "ಸಾವ್ಕಾರ್ರ, ಇಳಸಿ ಕೊಡ್ತೀರೇನ್ರಿ?"

"ಗಾಡಿ ನಿಮ್ಮ ಬಾಗಲಕ ಬರ್ತೈತ್ರಿ. ಇಳಸೋದು ನಿಮ್ದ ನೋಡ್ರಿ."

ಇದರಲ್ಲಿ ಮೋಸ ಏನಿಲ್ಲ. ಕಲ್ಲಿನ ವ್ಯಾಪಾರದಲ್ಲಿ ಇದೇ ಪದ್ಧತಿ. ಫ್ಯಾಕ್ಟರಿಯಲ್ಲಿ ಅವರ ಕ್ರೇನ್ ಇರುತ್ತದೆ, ಲೋಡ್ ಮಾಡುತ್ತಾರೆ. ಡ್ರೈವರ್ ಕೆಲಸ ಓಡಿಸುವುದು. ಗಾಡಿಯ ಹಿಂದಿನ ಡೋರ್ ತೆಗೆದ ಮೇಲೆ ಬೇವಿನ ಮರದವರೆಗಿನ ಐವತ್ತು ಅರವತ್ತು ಹೆಜ್ಜೆ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮನೆ ಅಂಗಳಕ್ಕೆ, ಫಾರ್ಮ್‌ಹೌಸಿಗೆ, ಗುಡಿಯ ಮುಂದೆ ಇಡಲು ಕಲ್ಲಿನ ಬೆಂಚು ತರಿಸುವವರು ಈಗ ಜಾಸ್ತಿ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ತೂಕ

ಎಷ್ಟು ಭಾರ ಅಂತ ಫ್ಯಾಕ್ಟರಿಯವರನ್ನು ಕೇಳಿದರೆ "ಭಾಳ ಏನಿಲ್ರಿ, ನಾಕ್ ಮಂದಿ ಎತ್ತತಾರ" ಅನ್ನುತ್ತಾರೆ. ಅದನ್ನು ನಂಬಬೇಡಿ, ನೀವೇ ಲೆಕ್ಕ ಹಾಕಿ. ಕಷ್ಟ ಇಲ್ಲ. ಗ್ರಾನೈಟ್ ಒಂದು ಘನ ಅಡಿಗೆ 75ರಿಂದ 78 ಕೆಜಿ ತೂಗುತ್ತದೆ. ನಮ್ಮ ಕಡೆ ಭತ್ತದ ಚೀಲ 75 ಕೆಜಿ. ಹಾಗಾಗಿ ಹಮಾಲರ ಮೇಸ್ತ್ರಿಗೆ ಹೇಳುವುದು ಸಲೀಸಾಯಿತು: ಒಂದು ಘನ ಅಡಿ ಕಲ್ಲು ಅಂದರೆ ಒಂದು ಚೀಲ.

ಬೆಂಚಿನ ಹಾಸುಗಲ್ಲು 6 ಅಡಿ ಉದ್ದ, ಒಂದೂವರೆ ಅಡಿ ಅಗಲ, 4 ಇಂಚು ದಪ್ಪ. ಸರಿಯಾಗಿ 3 ಘನ ಅಡಿ. ಅಂದರೆ ಮೂರು ಚೀಲ, 225 ಕೆಜಿ. ಕಾಲು ಒಂದೊಂದು 47 ಕೆಜಿ. ಒಂದು ಬೆಂಚು ಸುಮಾರು 320 ಕೆಜಿ. ಮೇಜಿನ ದುಂಡು ಹಾಸು 4 ಅಡಿ ಅಗಲ, 3 ಇಂಚು ದಪ್ಪ, ಅದು 235 ಕೆಜಿ. ಅದರ ಕೆಳಗಿನ ಕಂಬ 150. ಎಲ್ಲ ಕೂಡಿದರೆ ಮೂರು ಟನ್ನಿಗೆ ಸ್ವಲ್ಪ ಕಮ್ಮಿ.

ಈ ಒಂದು ಲೆಕ್ಕದಿಂದ ಎರಡು ವಿಷಯ ಬಗೆಹರಿದವು. ಮೊದಲನೆಯದು ಗಾಡಿ. ಫ್ಯಾಕ್ಟರಿಯವರು ಟಾಟಾ 407 ಸಣ್ಣ ಲಾರಿ ಕಳಿಸುತ್ತೇವೆ ಅಂದಿದ್ದರು. ಅದರ ಲೋಡ್ ಎರಡು, ಎರಡೂವರೆ ಟನ್. ಮೂರು ಟನ್ ಹೇರಿದರೆ ಗಾಡಿ ಓಡುತ್ತದೆ, ಎಲ್ಲರೂ ಓಡಿಸುತ್ತಾರೆ. ಆದರೆ ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಮೇಲೆ ಬರುವ ದಾರಿಯಲ್ಲಿ ಓವರ್‌ಲೋಡ್ ಆದ ಗಾಡಿಯ ಒಂದೊಂದು ಜಿಗಿತವೂ ಕಲ್ಲಿಗೇ ಹೊಡೆತ. ಅದಕ್ಕಿಂತ ದೊಡ್ಡ, 14 ಅಡಿಯ ಕ್ಯಾಂಟರ್ ಲಾರಿ ಬೇಕು ಅಂತ ಹೇಳಿದೆವು. ಬಾಡಿಗೆ ಸ್ವಲ್ಪ ಏರಿತು, ಒಪ್ಪಿದೆವು.

ಎರಡನೆಯದು ಆಳು. 225 ಕೆಜಿಗೆ ನಾಲ್ಕು ಜನ ಅಂದರೆ ತಲೆಗೆ 56 ಕೆಜಿ. ಒಬ್ಬ ಗಂಡಾಳು ಕೈಯಲ್ಲಿ ಎತ್ತುವ ಭಾರ 55 ಕೆಜಿ ದಾಟಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಗಂಗಾವತಿಯ ರೈಸ್ ಮಿಲ್ಲಿನ ಹಮಾಲರು 75 ಕೆಜಿ ಚೀಲ ಬೆನ್ನ ಮೇಲೆ ಹೊತ್ತು ನಡೆಯುತ್ತಾರೆ, ಇದೆಲ್ಲ ಯಾವ ಲೆಕ್ಕ ಅನ್ನಿಸಬಹುದು. ಆದರೆ ಚೀಲ ಬೆನ್ನಿಗೆ ಹೊಂದಿಕೊಂಡು ಕೂರುತ್ತದೆ. ಕೈ ಜಾರಿದರೆ ಬಿಸಾಕಿ ಪಕ್ಕಕ್ಕೆ ಸರಿಯಬಹುದು. ಪಾಲಿಶ್ ಮಾಡಿದ ಕಲ್ಲಿಗೆ ಹಿಡಿ ಇಲ್ಲ, ಅಂಚು ಕೈ ಕೊಯ್ಯುತ್ತದೆ. ಒಬ್ಬ ಎಡವಿದರೆ ಅವನ ಭಾರ ಪಕ್ಕದವನ ಮೇಲೆ ಬೀಳುತ್ತದೆ. ನಾಲ್ಕು ಜನ ಎತ್ತಿದಾಗ ಭಾರ ನಾಲ್ಕು ಸಮಪಾಲು ಆಗುವುದು ಕಾಗದದ ಮೇಲೆ ಮಾತ್ರ.

ಜಾಗ ನೋಡಿದ್ದು

ಶಾಲೆಯ ಗೇಟು 8 ಅಡಿ ಅಗಲ. ಮೇಲೆ ದಾನಿಗಳ ಹೆಸರು ಬರೆದ ಕಮಾನು, 11 ಅಡಿ ಎತ್ತರ. ಒಳಗೆ ಎಡಗಡೆ ಬೇವಿನ ಮರಗಳ ಸಾಲು. ಬೆಂಚು ಬರಬೇಕಾದದ್ದು ಅಲ್ಲಿ. ಬೇರೆ ಜಾಗದ ಬಗ್ಗೆ ಚರ್ಚೆಯೇ ಆಗಲಿಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಗ್ರಾನೈಟ್ ಮೇಲೆ ಮಧ್ಯಾಹ್ನ ಯಾರು ಕೂರುತ್ತಾರೆ?

ಹೈಡ್ರಾ, ಅಂದರೆ ಗಾಲಿಯ ಮೇಲೆ ಓಡಾಡುವ ಕ್ರೇನ್, ತರಿಸಿದರೆ ಆಯಿತಲ್ಲ ಅಂತ ಮೊದಲು ಎಲ್ಲರ ಬಾಯಲ್ಲೂ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ಹರಿಯುವ ನೀರಲ್ಲೇ ಕ್ರೇನ್‌ನಿಂದ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಹಲಗೆ) ಇಳಿಸಿದ್ದನ್ನು ಟೀವಿಯಲ್ಲಿ ನೋಡಿದ ಮೇಲೆ ನಮ್ಮ ಕಡೆ ಚಾದಂಗಡಿಗೊಬ್ಬ ಕ್ರೇನ್ ತಜ್ಞ ಇದ್ದಾನೆ. ಆದರೆ 12-14 ಟನ್ನಿನ ಹೈಡ್ರಾದ ಮೈಯೇ 8 ಅಡಿ ಹತ್ತಿರ ಇರುತ್ತದೆ. ಗೇಟಿನಲ್ಲಿ ನುಗ್ಗುವುದಿಲ್ಲ. ನುಗ್ಗಿದರೂ ಕಂಬ ಉಳಿಯುವುದಿಲ್ಲ.

ಹಾಗಾದರೆ ಹೊರಗಿನ ರಸ್ತೆಯಲ್ಲಿ ಹೈಡ್ರಾ ನಿಲ್ಲಿಸಿ ಕಾಂಪೌಂಡ್ ಮೇಲಿಂದ ಒಳಗೆ ಇಳಿಸೋಣ ಅಂತ ಇನ್ನೊಂದು ಸಲಹೆ ಬಂತು. ಕೇಳಲು ಚೆಂದ. ಆದರೆ ಅದೇ ಕಾಂಪೌಂಡ್ ಗುಂಟ ಕರೆಂಟ್ ಲೈನ್ ಹೋಗಿದೆ. ರಸ್ತೆ ಗುಂಟ ಹೋಗುವ ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನ್ ನೆಲದಿಂದ ಕನಿಷ್ಠ 5.5 ಮೀಟರ್, ಅಂದರೆ 18 ಅಡಿ ಎತ್ತರದಲ್ಲಿ ಇರಬೇಕು ಅಂತ ನಿಯಮ. ಕಾಂಪೌಂಡ್ 6 ಅಡಿ. ಅದರ ಮೇಲೆ ತೂಗುವ ಕಲ್ಲು, ಬೆಲ್ಟು, ಹುಕ್ಕು, ಆಮೇಲೆ ಬೂಮಿನ, ಅಂದರೆ ಕ್ರೇನಿನ ತೋಳಿನ, ತುದಿ. ತಂತಿಯ ಹತ್ತಿರ ಹೋಗದೆ ಬೇರೆ ದಾರಿ ಇಲ್ಲ. ಜೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಬಹುದು. ಆದರೆ ಅಷ್ಟು ಮಾಡಿದರೂ ಇನ್ನೊಂದು ತೊಡಕಿತ್ತು. ಕ್ರೇನಿನ ಮೇಲೆ ಬರೆದ 12 ಟನ್ ಅನ್ನುವುದು ಬೂಮ್ ಚಿಕ್ಕದಾಗಿ, ಭಾರ ಮೂತಿಯ ಹತ್ತಿರವೇ ಇದ್ದಾಗಿನ ಮಾತು. ಬೂಮ್ ಚಾಚುತ್ತ ಹೋದಂತೆ ಆ ತಾಕತ್ತು ಸರಸರ ಇಳಿಯುತ್ತದೆ. ಹೇಗೂ ಮರದ ಸಾಲು ಕಾಂಪೌಂಡಿನಿಂದ ದೂರ. ಗೋಡೆ ದಾಟಿಸಿದ ಮೇಲೂ ಕಲ್ಲು ಹೊರುವುದು ತಪ್ಪುತ್ತಿರಲಿಲ್ಲ.

ಜೆಸಿಬಿ ಬಕೆಟ್ಟಿಗೆ ಚೈನ್ ಕಟ್ಟಿ ಎತ್ತುವುದನ್ನು ಎಲ್ಲ ಕಡೆ ನೋಡುತ್ತೇವೆ. ಅದನ್ನು ನಾವು ಬೇಡ ಅಂದೆವು. ಜೆಸಿಬಿ ಅಗೆಯುವ ಮಷಿನ್. ಬಕೆಟ್ ಹಲ್ಲಿಗೆ ಸಿಕ್ಕಿಸಿದ ಚೈನ್ ಯಾವಾಗ ಜಾರುತ್ತದೆ ಅಂತ ಆಪರೇಟರಿಗೂ ಗೊತ್ತಾಗುವುದಿಲ್ಲ. ಪಾಲಿಶ್ ಕಲ್ಲಿಗೆ ಚೈನ್ ಸುತ್ತಿದರೆ ಅಂಚು ಉದುರುವುದಂತೂ ಗ್ಯಾರಂಟಿ.

ದಾರಿ ತೋರಿಸಿದವರು ಶಾಲೆಯ ಜವಾನರು. "ಬೋರ್ ಮೋಟರ್ ಎತ್ತೋ ಟ್ರ್ಯಾಕ್ಟರ್ ಕರಸ್ರಿ ಸರ್. ಹ್ವಾದ ವರ್ಷ ಇಲ್ಲೇ ಒಳಗ ಬಂದಿತ್ತಲ್ರಿ" ಅಂದರು. ಬೋರ್‌ವೆಲ್‌ನಿಂದ ಪೈಪು, ಮೋಟರ್ ಮೇಲೆತ್ತಲು ಟ್ರ್ಯಾಕ್ಟರ್ ಹಿಂದೆ ಕಂಬ, ವಿಂಚು (ಹಗ್ಗ ಸುತ್ತಿ ಭಾರ ಎತ್ತುವ ಯಂತ್ರ) ಕೂರಿಸಿದ ಗಾಡಿ ನಮ್ಮ ಕಡೆ ಊರೂರಲ್ಲಿ ಇದೆ. 300 ಅಡಿ ಆಳದಿಂದ ಎರಡು ಇಂಚಿನ ಕಬ್ಬಿಣದ ಪೈಪು, ಅದರಲ್ಲಿ ತುಂಬಿದ ನೀರು, ತುದಿಯ ಮೋಟರ್ ಎಲ್ಲ ಸೇರಿದರೆ ಅರ್ಧ ಟನ್ ದಾಟುತ್ತದೆ. ಅದನ್ನು ದಿನಾ ಎತ್ತುವ ವಿಂಚಿಗೆ 225 ಕೆಜಿ ಕಲ್ಲು ಭಾರವೇ ಅಲ್ಲ. ಟ್ರ್ಯಾಕ್ಟರ್ ಗೇಟಿನಲ್ಲಿ ಸಲೀಸಾಗಿ ಬರುತ್ತದೆ, ಕಂಬ ಮಲಗಿಸಿಕೊಂಡರೆ ಕಮಾನೂ ಅಡ್ಡ ಇಲ್ಲ. ಹೈಡ್ರಾದವರು ಗಂಗಾವತಿಯಿಂದ ಬಂದು ಹೋಗುವ ಬಾಡಿಗೆ ಬೇರೆ, ಕನಿಷ್ಠ ತಾಸಿನ ಲೆಕ್ಕ ಬೇರೆ ಕೇಳುತ್ತಾರೆ. ಈ ಟ್ರ್ಯಾಕ್ಟರ್ ಪಕ್ಕದ ಊರಿಂದಲೇ ಸಿಕ್ಕಿತು.

ದಿನ ಗೊತ್ತು ಮಾಡಿದ್ದು

ಇದು ಸಣ್ಣ ವಿಷಯ ಅನ್ನಿಸುತ್ತದೆ, ಅಲ್ವಾ? ನವೆಂಬರ್ ಕೊನೆ, ಭತ್ತದ ಕೊಯ್ಲು. ಹಮಾಲರೆಲ್ಲ ಮಿಲ್ಲಿನಲ್ಲಿ. ಮೇಸ್ತ್ರಿ "ಕೊಯ್ಲು ಮುಗೀಲಿ, ಹತ್ತು ಮಂದಿ ಕೊಡ್ತೀನಿ" ಅಂದ. ಮಷಿನ್ ಇರುವುದರಿಂದ ಹತ್ತು ಮಂದಿ ಬೇಡ, ನಾಲ್ಕು ಸಾಕು ಅಂದಾಗ ಭಾನುವಾರ ಬೆಳಿಗ್ಗೆಗೆ ಒಪ್ಪಿದ. ಭಾನುವಾರ ನಮಗೂ ಬೇಕಿತ್ತು, ಮಕ್ಕಳು ಇರುವುದಿಲ್ಲ. ಕಲ್ಲು ತೂಗುವಾಗ ಸುತ್ತ ಇನ್ನೂರು ಮಕ್ಕಳು ನಿಂತು ನೋಡುವುದನ್ನು ಯಾವ ಹೆಡ್ ಮಾಸ್ತರೂ ತಡೆಯಲಾರರು.

ಇನ್ನೊಂದು ಅಡ್ಡಿ ರಸ್ತೆ. ಕೊಯ್ಲಿನಲ್ಲಿ ನಮ್ಮ ಹಳ್ಳಿ ರಸ್ತೆಗಳ ಅರ್ಧ ಭಾಗ ಭತ್ತ ಒಣಗಿಸುವ ಕಣ. ಬಿಸಿಲೇರಿದ ಮೇಲೆ ಹರಡುತ್ತಾರೆ, ಸಂಜೆ ರಾಶಿ ಮಾಡಿ ತಾಡಪತ್ರಿ ಮುಚ್ಚುತ್ತಾರೆ. ಹರಡಿದ ಮೇಲೆ ಕ್ಯಾಂಟರ್ ಬಂದರೆ ಒಂದೋ ಭತ್ತದ ಮೇಲೆ ಹೋಗಬೇಕು, ಇಲ್ಲ ರಸ್ತೆ ಬಿಟ್ಟು ಎರೆ ಮಣ್ಣಿಗೆ ಇಳಿಯಬೇಕು. ಎರಡೂ ಜಗಳವೇ. ಅದಕ್ಕೆ ಶನಿವಾರ ಸಂಜೆ ಲೋಡ್ ಮಾಡಿಸಿ, ಗಾಡಿ ಬೆಳಗಾಗುವ ಮೊದಲೇ ಹೊರಡಲಿ ಅಂತ ಗೊತ್ತು ಮಾಡಿದೆವು. ಮಾಲಿನ ಬೆಲೆ 50,000 ರೂಪಾಯಿ ದಾಟಿದ್ದರಿಂದ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಬೇಕಿತ್ತು. 200 ಕಿಲೋಮೀಟರ್ ಒಳಗಿನ ದಾರಿಗೆ ಅದರ ವಾಯಿದೆ ಒಂದೇ ದಿನ. ಲೋಡ್ ಮಾಡಿದಾಗ ಬೇಡ, ಹೊರಡುವ ಮುಂಚೆ ತೆಗೆಯಿರಿ ಅಂತ ಹೇಳಿಟ್ಟೆವು.

ಬೆಂಚಿನ ಕಾಲು ಕೂರುವ ಜಾಗ ಹತ್ತು ದಿನ ಮುಂಚೆಯೇ ಸಿದ್ಧ ಇತ್ತು. ಅಲ್ಲಿ ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಒಂದೂವರೆ ಅಡಿ ತೆಗೆದು, ಗರಸು ತುಂಬಿ, ನೀರು ಹೊಡೆದು ಕುಟ್ಟಿ, ಮೇಲೆ ಕಾಂಕ್ರೀಟ್ ಹಾಕಿಸಿದ್ದೆವು. ವಾರವಾದರೂ ನೀರುಣಿಸದೆ ಅದರ ಮೇಲೆ ಭಾರ ಇಡಬಾರದು. ಕಲ್ಲು ಬಂದ ದಿನ ಗುಂಡಿ ತೋಡುವವರನ್ನು ನೋಡಿದ್ದೇನೆ. ಆಮೇಲೆ ಆ ಕಲ್ಲನ್ನು ಇನ್ನೊಮ್ಮೆ ಎತ್ತಲು ಇನ್ನೊಮ್ಮೆ ದುಡ್ಡು.

ಇಳಿಸಿದ ಬೆಳಿಗ್ಗೆ

ಲೋಡ್ ಮಾಡುವಾಗ ಒಂದೊಂದು ಹಾಸುಗಲ್ಲಿನ ಮೇಲೆ, ಕೆಳಗೆ, ನಾಲ್ಕು ಮೂಲೆ ಕಾಣುವ ಹಾಗೆ ವಿಡಿಯೋ ಕಳಿಸಿ ಅಂತ ಕೇಳಿದ್ದೆವು. ಫ್ಯಾಕ್ಟರಿಯವರು ನಕ್ಕರು, ಆದರೂ ಕಳಿಸಿದರು. ಕಲ್ಲಿನ ನಡುವೆ ಕಟ್ಟಿಗೆ ತುಂಡು ಹೇಗಿಡಬೇಕು ಅಂತಲೂ ಮಾತಾಗಿತ್ತು. ಗ್ರಾನೈಟ್ ಒತ್ತಡಕ್ಕೆ ಜಗ್ಗುವುದಿಲ್ಲ, ಬಾಗಿಸಿದರೆ ಮಾತ್ರ ತಾಳುವುದಿಲ್ಲ. ತೆಳುವಾದ ಸ್ಲಾಬ್‌ಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸಾಗಿಸುವುದು ಇದಕ್ಕೇ. 4 ಇಂಚಿನದನ್ನು ಮಲಗಿಸಿ ತರಬಹುದು. ಆದರೆ 6 ಅಡಿ ಕಲ್ಲಿಗೆ ಎರಡೂ ತುದಿಯಿಂದ ಒಂದೂಕಾಲು ಅಡಿ ಒಳಗೆ ತುಂಡು ಬರಬೇಕು. ಒಂದರ ಮೇಲೊಂದು ಪೇರಿಸಿದಾಗ ಮೇಲಿನ ತುಂಡು ಕೆಳಗಿನ ತುಂಡಿನ ನೇರಕ್ಕೇ ಕೂರಬೇಕು. ಒಂದು ಗೇಣು ಸರಿದರೂ ಮೇಲಿನ ಭಾರವೆಲ್ಲ ಕೆಳಗಿನ ಕಲ್ಲನ್ನು ಮುರಿಯುವ ಕಡೆ ಹೋಗುತ್ತದೆ.

ಏಳು ಗಂಟೆಗೆ ಕ್ಯಾಂಟರ್ ಒಳಗೆ ಬಂತು. ಕನ್ನಡಿ ಮಡಚಿ, ಹೆಡ್ ಮಾಸ್ತರು ಕೈ ಮಾಡುತ್ತ, ಗೇಟಿನ ಎರಡೂ ಕಡೆ ಗೇಣಗಲ ಬಿಟ್ಟುಕೊಂಡು. ಒಳಗೆ ಕಂಬದಿಂದ ಆಫೀಸ್ ರೂಮಿಗೆ ಒಂದು ಸರ್ವೀಸ್ ವೈರ್ ಇದೆ. ಟ್ರ್ಯಾಕ್ಟರಿನ ಕಂಬ ಎಬ್ಬಿಸಿದ ಮೇಲೆ ಆ ಕಡೆ ಹೋಗಲೇಬಾರದು ಅಂತ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದ್ದೆವು. ಕಬಡ್ಡಿ ಅಂಕಣಕ್ಕೆ ತಂದಿಟ್ಟ ಸುಣ್ಣ ಇದಕ್ಕೂ ಬಂತು.

ಮೋಟರ್ ಎತ್ತುವವರು ತಮ್ಮ ತಂತಿ ಹಗ್ಗ, ಪೈಪ್ ಹಿಡಿಯುವ ಕ್ಲಾಂಪು ತಂದಿದ್ದರು. ಕಲ್ಲಿಗೆ ಅವು ಆಗುವುದಿಲ್ಲ. ಬಟ್ಟೆಯ ಬೆಲ್ಟ್ ಎರಡನ್ನು ಗಂಗಾವತಿಯಿಂದ ಬಾಡಿಗೆಗೆ ತಂದಿದ್ದೆವು. ಈ ಬೆಲ್ಟಿನ ಬಣ್ಣ ಸುಮ್ನೆ ಅಲ್ಲ: ನೇರಳೆ ಅಂದರೆ 1 ಟನ್, ಹಸಿರು 2 ಟನ್, ಹಳದಿ 3 ಟನ್. ನಮಗೆ ನೇರಳೆ ಸಾಕಿತ್ತು. ಆದರೆ ಎರಡು ಬೆಲ್ಟು ಹುಕ್ಕಿನಿಂದ ಎಷ್ಟು ಅಗಲಕ್ಕೆ ಚಾಚುತ್ತವೋ ಅಷ್ಟು ಅವುಗಳ ಮೇಲೆ ಎಳೆತ ಹೆಚ್ಚು. ನಡುವಿನ ಕೋನ 120 ಡಿಗ್ರಿ ಆದರೆ ಒಂದೊಂದು ಬೆಲ್ಟೂ ಪೂರ್ತಿ ಕಲ್ಲಿನ ಭಾರವನ್ನೇ ಹೊರುತ್ತದೆ, ಅರ್ಧವನ್ನಲ್ಲ. ಉದ್ದ ಬೆಲ್ಟ್ ತರುವುದು ಒಳ್ಳೆಯದು. ಅಂಚಿಗೆ ಗೋಣಿಚೀಲ ಮಡಚಿ ಇಡುವುದು ಮೇಸ್ತ್ರಿಯ ಮಾತು. ಅದು ಬರೀ ಕಲ್ಲಿಗಲ್ಲ, ಬೆಲ್ಟಿಗೂ ಬೇಕು. ಕೊಯ್ದ ಅಂಚು ಬೆಲ್ಟನ್ನು ಚಾಕುವಿನಂತೆ ಕತ್ತರಿಸುತ್ತದೆ.

ಆ ದಿನದ ಜಾಣತನವೆಲ್ಲ ಒಂದು ಕ್ರಮದಲ್ಲಿ ಇತ್ತು. ವಿಂಚಿನ ಕಂಬ ಎತ್ತುತ್ತದೆ, ಇಳಿಸುತ್ತದೆ. ಹೈಡ್ರಾದಂತೆ ಅತ್ತಿತ್ತ ಚಾಚುವುದಿಲ್ಲ. ಅದಕ್ಕೆ ಟ್ರ್ಯಾಕ್ಟರನ್ನು ಕಾಂಕ್ರೀಟ್ ಪೀಠದ ಹಿಂದೆ ನಿಲ್ಲಿಸಿದೆವು. ಕ್ಯಾಂಟರ್ ಹಿಮ್ಮುಖವಾಗಿ ಬಂದು, ಪೀಠ ತನ್ನ ಗಾಲಿಗಳ ನಡುವೆ ಉಳಿಯುವ ಹಾಗೆ, ವಿಂಚಿನ ಕೆಳಗೆ ನಿಂತಿತು. ಕಲ್ಲು ಒಂದು ಗೇಣು ಎತ್ತಿದರು. ತೂಗಾಟ ನಿಂತ ಮೇಲೆ ಕ್ಯಾಂಟರ್ ಮುಂದಕ್ಕೆ ಸರಿಯಿತು. ಈಗ ಕಲ್ಲಿನ ಕೆಳಗೆ ಬರೀ ನೆಲ. ನಾಲ್ಕಡಿ ಆಚೆ ನಿಂತ ಇಬ್ಬರು ಹಗ್ಗದಿಂದ ಅದನ್ನು ತಿರುಗದಂತೆ ಹಿಡಿದರು, ನಿಧಾನ ಇಳಿಸಿದರು. ಕಾಲುಗಳನ್ನು ಅಷ್ಟರಲ್ಲಿ ಇಬ್ಬಿಬ್ಬರು ಹೊತ್ತು ತಂದು ಮಟ್ಟ ನೋಡಿ ನಿಲ್ಲಿಸುತ್ತಿದ್ದರು. ಹಾಸು ನೇರ ಕಾಲಿನ ಮೇಲೇ ಕೂತಿತು. ಒಮ್ಮೆ ನೆಲಕ್ಕಿಳಿಸಿ ಮತ್ತೆ ಎತ್ತುವ ಕೆಲಸ ತಪ್ಪಿತು. ತೂಗುವ ಕಲ್ಲಿನ ಕೆಳಗೆ ಕೈ ಹಾಕಬಾರದು ಅನ್ನುವುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಗಾರೆ ಸರಿ ಮಾಡಲು ಗೌಂಡಿ ಎರಡು ಸಲ ಕೈ ಚಾಚಿದ, ಎರಡು ಸಲವೂ ಮೇಸ್ತ್ರಿಯಿಂದ ಬೈಸಿಕೊಂಡ.

ಮೇಜಿನ ದುಂಡು ಹಾಸನ್ನು ಗಾಲಿ ತರ ಉರುಳಿಸಿಕೊಂಡು ಹೋಗೋಣ ಅಂತ ಹಮಾಲರ ಆಸೆ. 235 ಕೆಜಿಯ, ಮೂರು ಇಂಚು ಅಂಚಿನ ಗಾಲಿ. ವಾಲಲು ಶುರುವಾದರೆ ಮೂರು ಜನ ಹಿಡಿದರೂ ನಿಲ್ಲುವುದಿಲ್ಲ, ಹಿಡಿಯಲು ಹೋದವನ ಕಾಲು ಹೋಗುತ್ತದೆ. ಅದನ್ನೂ ವಿಂಚಿನಿಂದಲೇ ಇಳಿಸಿದೆವು. ಹತ್ತೂವರೆಗೆಲ್ಲ ಕೆಲಸ ಮುಗಿಯಿತು. ಉಪ್ಪಿಟ್ಟು, ಮಿರ್ಚಿ ಬಂತು.

ಒಡೆದ ಒಂದು ಕಲ್ಲು

ಎಂಟರಲ್ಲಿ ಏಳೇ ಹಾಸು ಕೂತಿದ್ದವು. ಅಟ್ಟಿಯ ಕೊನೆಯದರ ಕೆಳಭಾಗದಲ್ಲಿ ಅಡ್ಡಕ್ಕೆ ಕೂದಲೆಳೆಯ ಬಿರುಕು. ನೀರು ಚಿಮುಕಿಸಿ ಒರೆಸಿದರೆ ಬಿರುಕಿದ್ದ ಕಡೆ ಮಾತ್ರ ಹಸಿ ಉಳಿಯುತ್ತದೆ, ಅದರಿಂದ ಗೊತ್ತಾಯಿತು. ಅದರ ಕೆಳಗಿನ ಕಟ್ಟಿಗೆ ತುಂಡು ತನ್ನ ಜಾಗದಿಂದ ಸರಿದಿತ್ತು. ಅದನ್ನು ಗಾಡಿಯಿಂದ ಇಳಿಸಲೇ ಇಲ್ಲ, ಗಾಡಿಯಲ್ಲಿ ಇದ್ದಂತೆಯೇ ಫೋಟೋ ತೆಗೆದು ಕಳಿಸಿದೆವು.

"ನಾನು ಸಾವಕಾಶ ತಂದೀನ್ರಿ" ಅಂತ ಡ್ರೈವರ್. "ಇಲ್ಲಿಂದ ಚಲೋ ಹೋಗೈತ್ರಿ" ಅಂತ ಫ್ಯಾಕ್ಟರಿ. ಇಬ್ಬರೂ ಹೇಳಿದ್ದು ನಿಜವೇ ಇರಬಹುದು. ಇಂಥ ಕಡೆ ಕಾನೂನು ಕೊಳ್ಳುವವರ ಪರ ಇಲ್ಲ ಅನ್ನುವುದು ತುಂಬ ಜನರಿಗೆ ಗೊತ್ತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಮಾಲನ್ನು ಕಳಿಸಿ ಅಂತ ಕೊಳ್ಳುವವರು ಒಪ್ಪಿದ್ದರೆ, ಸಾಗಿಸುವವನ ಕೈಗೆ ಕೊಟ್ಟರೆ ಕೊಳ್ಳುವವರ ಕೈಗೆ ಕೊಟ್ಟ ಹಾಗೆ ಅಂತ ಮೇಲುನೋಟಕ್ಕೆ ಹಿಡಿಯುತ್ತಾರೆ. ಬೇರೆ ಮಾತಾಗಿದ್ದರೆ ಆ ಮಾತು ನಡೆಯುತ್ತದೆ. ನಮ್ಮಲ್ಲಿ ಬೇರೆ ಮಾತಾಗಿತ್ತು. ಅಡ್ವಾನ್ಸ್ ಕಳಿಸುವಾಗಲೇ ವಾಟ್ಸಾಪಿನಲ್ಲಿ "ಶಾಲೆ ಒಳಗೆ ಗಾಡಿ ನಿಂತು, ಕಲ್ಲು ಎತ್ತುವವರೆಗೆ ಒಡೆದದ್ದು ನಿಮ್ಮದು, ಎತ್ತಿದ ಮೇಲೆ ಒಡೆದದ್ದು ನಮ್ಮದು" ಅಂತ ಬರೆದು, ಅವರಿಂದ "ಆಯ್ತ್ರಿ" ಅನ್ನಿಸಿಕೊಂಡಿದ್ದೆವು. ಬಾಕಿ ಹಣವೂ ನಮ್ಮ ಕೈಯಲ್ಲೇ ಇತ್ತು. ಲೋಡ್ ಮಾಡುವಾಗಿನ ವಿಡಿಯೋದಲ್ಲಿ ಅದೇ ಕಲ್ಲು ಬಿರುಕಿಲ್ಲದೆ ಕಾಣುತ್ತಿತ್ತು. ವಾದ ಹತ್ತು ನಿಮಿಷದಲ್ಲಿ ಮುಗಿಯಿತು. ಡ್ರೈವರ್ ಬಾಡಿಗೆ ಮುರಿಯಬೇಡಿ ಅಂತ ಮಾತ್ರ ನಾವು ಕೇಳಿಕೊಂಡೆವು. ತುಂಡು ಇಟ್ಟವನು ಅವನಲ್ಲ.

ಬದಲಿ ಕಲ್ಲು ಬಂದದ್ದು ಕೊಯ್ಲು ಮುಗಿದ ಮೇಲೆ, ಕಾರಟಗಿಗೆ ಹೊರಟಿದ್ದ ಬೊಲೆರೊ ಪಿಕಪ್‌ನಲ್ಲಿ. ಒಂದು ಕಲ್ಲಿಗೆ ಟ್ರ್ಯಾಕ್ಟರ್ ಕರೆಸುವುದು ದಂಡ ಅಂತ ಮೇಸ್ತ್ರಿ ಬೇರೆ ದಾರಿ ಹಿಡಿದ. ಹತ್ತು ಅಡಿಯ ಎರಡು ಜಾಲಿ ತೊಲೆ ಗಾಡಿಯಿಂದ ನೆಲಕ್ಕೆ ಇಳಿಜಾರು ಹಾಕಿ, ಬುಡಕ್ಕೆ ಗೂಟ ಹೊಡೆದ. ಕಲ್ಲಿಗೆ ಗೋಣಿ ಸುತ್ತಿ ಹಗ್ಗ ಕಟ್ಟಿ, ಹಗ್ಗವನ್ನು ಬೇವಿನ ಬೊಡ್ಡೆಗೆ ಎರಡು ಸುತ್ತು ಹಾಕಿಸಿದ. ಒಬ್ಬನೇ ಹಗ್ಗದ ತುದಿ ಹಿಡಿದು ಸಡಿಲಿಸುತ್ತಿದ್ದ, ಕಲ್ಲು ಬೇಕೆಂದಾಗ ನಿಲ್ಲುತ್ತಿತ್ತು. ನೆಲದ ಮೇಲೆ ಹಲಗೆ ಹಾಸಿ, ಪೈಪಿನ ತುಂಡುಗಳ ಮೇಲೆ ಉರುಳಿಸಿಕೊಂಡು ಪೀಠದವರೆಗೆ ತಂದರು. ಹಾರೆಯಿಂದ ಒಂದೊಂದು ತುದಿ ಮೀಟಿ, ಕೆಳಗೆ ಕಟ್ಟಿಗೆ ತುಂಡು ಪೇರಿಸುತ್ತ ಕಾಲಿನ ಎತ್ತರಕ್ಕೆ ಏರಿಸಿದರು, ಆಮೇಲೆ ಕಾಲಿನ ಮೇಲೆ ಸರಿಸಿದರು. ಅರ್ಧ ತಾಸಿನ ಕೆಲಸ.

ಆ ಒಂದು ಕಲ್ಲಿಗೆ ನಾಲ್ಕು ಜನ ಕೇಳಿದ ಕೂಲಿ ಮೊದಲ ದಿನದ ಅರ್ಧದಷ್ಟು. ಜಾಸ್ತಿ ಆಯ್ತಲ್ಲ ಅಂದಿದ್ದಕ್ಕೆ ಮೇಸ್ತ್ರಿ, "ಅವತ್ತ ಮಷಿನ್ ಎತ್ತಿತ್ರಿ ಸರ್, ಇವತ್ತ ನಾವ ಎತ್ತೀವಿ" ಅಂದ. ಕೊಟ್ಟೆವು. ಆ ಕೂಲಿಯನ್ನೂ ಬಾಕಿಯಲ್ಲಿ ಮುರಿದುಕೊಂಡೇ ಫ್ಯಾಕ್ಟರಿಗೆ ಹಣ ಕಳಿಸಿದೆವು. ಅವರು ಬೇಡ ಅನ್ನಲಿಲ್ಲ.